ಚೀಟಿಯಲ್ಲಿ ಇಲ್ಲದ ಮಾತು



ಊಹೆ ಮಾಡಿ ಹೇಳಿದ ಮಾತು ಆಮೇಲೆ ನಿಜವೇ ಆಯಿತು ಅಂದುಕೊಳ್ಳಿ. ಹಾಗಾದರೆ ಹೇಳಿದವರು ಮುಸಾವಾದದಿಂದ ದೂರ ಉಳಿದಂತಾಯಿತೇ?

ನಾಲ್ಕನೇ ಶೀಲದ ಬಗ್ಗೆ ಓದುತ್ತಿದ್ದಾಗ ಹೀಗೆ ಕೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಡಿ.ಫಾರ್ಮ್ ಮುಗಿಸಿ ತಾಲ್ಲೂಕು ಕೇಂದ್ರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ಕಷ್ಟ ಇಷ್ಟು. ಚೀಟಿ ಬರುತ್ತದೆ. ಮಾತ್ರೆಯ ಹೆಸರಿದೆ, ಹತ್ತು ಎಂದಿದೆ. ಎಷ್ಟು ಹೊತ್ತಿಗೆ ಎಷ್ಟು ಎಂಬುದಿಲ್ಲ. ಕೆಲವು ಸಲ ಇರುತ್ತದೆ, ಅದು ಒಂದೋ ಏಳೋ ತಿಳಿಯುವುದಿಲ್ಲ. ಕೌಂಟರಿನ ಮುಂದೆ ಆರೇಳು ಜನ ಕೈಚಾಚಿ ನಿಂತಿರುತ್ತಾರೆ. "ಸಾರ್, ಅಂಗಡೀಲಿ ಎಲ್ರೂ ಮಾಡೋದು ಒಂದೇ. ಕವರ್ ಮೇಲೆ 1-0-1 ಅಂತ ಬರೆದು ಕೊಟ್ಟುಬಿಡೋದು. ಹೆಚ್ಚು ಸಲ ಅದೇ ಸರಿ ಇರುತ್ತೆ. ಸರಿ ಇದ್ದರೆ ಸುಳ್ಳು ಹೇಗಾಗುತ್ತೆ ಅಂತ ಅವರು ಕೇಳ್ತಾರೆ. ನನಗೆ ಉತ್ತರ ಹೊಳೀತಿಲ್ಲ."

ಅವತ್ತು ಯಾರೋ ಹಿರಿಯರು, "ಉದ್ದೇಶ ಒಳ್ಳೆಯದಿದ್ದರೆ ದೋಷವಿಲ್ಲಮ್ಮ" ಎಂದು ಮುಗಿಸಿದರು. ಅಷ್ಟಕ್ಕೇ ಮುಗಿಯುವ ವಿಷಯವಲ್ಲ ಅಂತ ನನಗೆ ಅನ್ನಿಸಿತು. ನಾನು ಕನ್ನಡ ಮೇಷ್ಟ್ರು, ಔಷಧಿಯ ವಿಷಯ ನನ್ನದಲ್ಲ. ಆದರೆ ಇಲ್ಲಿರುವುದು ಒಬ್ಬರ ಮಾತನ್ನು ಇನ್ನೊಬ್ಬರು ಓದಿ ಮೂರನೆಯವರಿಗೆ ದಾಟಿಸುವ ಕೆಲಸ. ಅದು ಸ್ವಲ್ಪ ಮಟ್ಟಿಗೆ ನನ್ನ ಕಸುಬೂ ಹೌದು.

ಮೊದಲು ಇದರಲ್ಲಿ ಎಷ್ಟು ಅಪಾಯವಿದೆ ನೋಡೋಣ. ಮಗುವಿಗೆ ಜ್ವರ. ಚೀಟಿಯಲ್ಲಿ ಪ್ಯಾರಾಸಿಟಮಾಲ್ 5 ಎಂಎಲ್, ಮೂರು ಹೊತ್ತು ಎಂದಿದೆ. ಓದಲು ಅಡ್ಡಿಯಿಲ್ಲ, ಪೂರ್ತಿ ಇದ್ದಂತೆಯೇ ಕಾಣುತ್ತದೆ. ಆದರೆ ಯಾವ ಪ್ಯಾರಾಸಿಟಮಾಲ್? ಒಂದು ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 250. ಕೂಸುಗಳಿಗೆ ಹನಿ ಲೆಕ್ಕದಲ್ಲಿ ಹಾಕುವ ಡ್ರಾಪ್ಸ್ ಬಾಟಲಿಯಲ್ಲಿ ಒಂದೇ ಎಂಎಲ್‌ಗೆ 100. ಹತ್ತು ಕೆಜಿ ತೂಗುವ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ ಸಾಕು. ಡ್ರಾಪ್ಸ್ ಬಾಟಲಿ ಕೊಟ್ಟು 5 ಎಂಎಲ್ ಎಂದು ಬರೆದರೆ ಆ ಮಗುವಿನ ಹೊಟ್ಟೆಗೆ 500 ಹೋಗುತ್ತದೆ. ಎಲ್ಲರೂ ಚೀಟಿಯಲ್ಲಿದ್ದಂತೆಯೇ ನಡೆದುಕೊಂಡಿರುತ್ತಾರೆ!

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಇದೆ. ಅದನ್ನು ವಾರದಲ್ಲಿ ಒಂದೇ ದಿನ ನುಂಗಬೇಕು. ಚೀಟಿಯಲ್ಲಿ "ಹೇಳಿದಂತೆ" ಎಂದಷ್ಟೇ ಇದ್ದು, ಅಂಗಡಿಯವರು ಅಭ್ಯಾಸಬಲದಿಂದ ದಿನಕ್ಕೊಂದು ಎಂದು ಬರೆದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಪ್ರಾಣಕ್ಕೇ ಬರುತ್ತದೆ. ಹೀಗೆ ಸತ್ತವರು ಹಲವು ದೇಶಗಳಲ್ಲಿದ್ದಾರೆ. ಹೆಚ್ಚು ಸಲ ಸರಿ ಇರುತ್ತದೆ ಎಂಬ ಲೆಕ್ಕಕ್ಕೆ ಇಲ್ಲಿ ಅರ್ಥವೇ ಇಲ್ಲ. ಯಾಕೆಂದರೆ ಆ ಉಳಿದ ಒಂದು ಸಲ ಅಂಗಡಿಗೆ ಬಂದಿರುವವರು ಯಾರದೋ ತಾಯಿ.

ಕಾನೂನೂ ಇದನ್ನು ಗಮನಿಸಿದೆ. 1940ರ ಔಷಧ ಕಾಯ್ದೆಯಡಿ 1945ರಲ್ಲಿ ಮಾಡಿದ ನಿಯಮಗಳಲ್ಲಿ 65ನೆಯದು, ಚೀಟಿಯಲ್ಲಿ ಏನೇನು ಇರಬೇಕೆಂದು ಹೇಳುತ್ತದೆ. ವೈದ್ಯರ ಸಹಿ, ತಾರೀಖು, ರೋಗಿಯ ಹೆಸರು ವಿಳಾಸ, ಒಟ್ಟು ಎಷ್ಟು ಔಷಧಿ, ಎಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಅಂದರೆ ಪ್ರಮಾಣ ಬರೆಯದ ಚೀಟಿ ಕಾನೂನಿನ ಕಣ್ಣಿಗೆ ಅರ್ಧ ಚೀಟಿ. ದಪ್ಪ ಅಕ್ಷರದಲ್ಲಿ, ಓದಲು ಬರುವಂತೆ ಬರೆಯಿರಿ ಎಂದು ವೈದ್ಯರಿಗೆ 2016ರಲ್ಲಿ ವೈದ್ಯಕೀಯ ಮಂಡಳಿಯೇ ಹೇಳಿತು. ಚೀಟಿಗಳು ಈಗಲೂ ಹೇಗೆ ಬರುತ್ತಿವೆ ಅನ್ನುವುದು ನಿಮಗೇ ಗೊತ್ತು.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ಸುಳ್ಳೆಂದು ಗೊತ್ತಿದ್ದೂ, ಮೋಸಗೊಳಿಸುವ ಮನಸ್ಸಿಟ್ಟು ಹೇಳುವುದು ಮುಸಾವಾದ. ಆ ಅರ್ಥ ಹಿಡಿದರೆ ಊಹೆ ಮಾಡಿದ ಫಾರ್ಮಸಿಸ್ಟ್ ಸುಳ್ಳುಗಾರರಲ್ಲ. ಆದರೆ ಕವರ್ ಮೇಲಿನ 1-0-1 ಅನ್ನು ರೋಗಿ ಯಾರ ಮಾತೆಂದು ಓದುತ್ತಾರೆ? ಡಾಕ್ಟರದ್ದೆಂದು. ಮನೆಗೆ ಹೋಗಿ ಸೊಸೆಗೆ "ಡಾಕ್ಟ್ರು ಹೇಳವ್ರೆ, ಬೆಳಿಗ್ಗೆ ಒಂದು ರಾತ್ರಿ ಒಂದು" ಅನ್ನುತ್ತಾರೆ. ಡಾಕ್ಟರು ಹಾಗೆ ಹೇಳಿಯೇ ಇಲ್ಲ. ಮಾತ್ರೆಯ ಪ್ರಮಾಣ ಆಕಸ್ಮಿಕವಾಗಿ ನಿಜವಾಗಬಹುದು, ಆದರೆ ಅದು ಯಾರ ಮಾತು ಎಂಬುದು ಸುಳ್ಳಾಗಿಯೇ ಉಳಿಯುತ್ತದೆ. ನನ್ನ ಊಹೆಗೆ ಇನ್ನೊಬ್ಬರ ಸಹಿ ಅಂಟಿಸಿದಂತಾಯಿತು. ದೋಷ ಅಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಇದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಬಾಬಾಸಾಹೇಬರು. ಅವರು ತೀರಿಕೊಂಡ ಮರುವರ್ಷ, 1957ರಲ್ಲಿ, ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಒಂದು ಭಾಗವಿದೆ. ನಮ್ಮಲ್ಲಿ ಹಲವರು ಅದನ್ನು ಬೇಗ ದಾಟಿಬಿಡುತ್ತೇವೆ. ಬುದ್ಧರ ಮಾತನ್ನು ಬರೆದಿಟ್ಟವರಿಲ್ಲ, ಭಾಣಕರು ಬಾಯಿಪಾಠ ಮಾಡಿ ದಾಟಿಸಿದರು, ಹಾಗಾಗಿ ತಪ್ಪು ವರದಿಗಳು ಸೇರಿಕೊಂಡವು ಎಂದು ಅವರು ಅಲ್ಲಿ ತೋರಿಸುತ್ತಾರೆ. ಬುದ್ಧರು ಬದುಕಿದ್ದಾಗಲೇ ಅವರ ಮಾತು ತಿರುಚಿಹೋದ ಐದು ಪ್ರಸಂಗಗಳನ್ನು ಹೆಸರಿಸುತ್ತಾರೆ. ಆಮೇಲೆ ಅಳತೆಗೋಲು ಕೊಡುತ್ತಾರೆ. ಬುದ್ಧರು ವಿಚಾರಕ್ಕೆ ಒಪ್ಪದ್ದನ್ನು ಹೇಳುವವರಲ್ಲ, ಜನರ ಹಿತಕ್ಕೆ ಸಂಬಂಧಿಸದ ಚರ್ಚೆಗೆ ಇಳಿಯುವವರಲ್ಲ. ಮೂರನೆಯದನ್ನು ಗಮನಿಸಿ: ಖಚಿತವಾಗಿ ಗೊತ್ತಿದ್ದ ವಿಷಯವನ್ನೂ ಖಚಿತವಿಲ್ಲದ್ದನ್ನೂ ಅವರು ಬೇರೆಬೇರೆಯಾಗಿಯೇ ಇಟ್ಟರು, ಖಚಿತವಿಲ್ಲದ್ದನ್ನು ತಮ್ಮ ಆಗಿನ ಅಭಿಪ್ರಾಯವೆಂದಷ್ಟೇ ಹೇಳಿದರು. ಬುದ್ಧರೇ ಗೊತ್ತಿದ್ದದ್ದನ್ನೂ ಅನ್ನಿಸಿದ್ದನ್ನೂ ಕಲಸಲಿಲ್ಲ ಅಂದಮೇಲೆ ಮೆಡಿಕಲ್ ಅಂಗಡಿಯಲ್ಲಿ, ಶಾಲೆಯಲ್ಲಿ, ತಹಶೀಲ್ದಾರರ ಕಚೇರಿಯ ಗುಮಾಸ್ತರ ಮೇಜಿನ ಹತ್ತಿರ ನಾವು ಯಾವ ಧೈರ್ಯದಲ್ಲಿ ಕಲಸುತ್ತೇವೆ?

ಆ ಐದು ಪ್ರಸಂಗಗಳಲ್ಲಿ ಒಂದು ಜೀವಕ ಸುತ್ತದಲ್ಲಿದೆ. ಜೀವಕ ವೈದ್ಯ. ಬುದ್ಧರಿಗಾಗಿಯೇ ಪ್ರಾಣಿ ಕೊಲ್ಲುತ್ತಾರೆ, ಗೊತ್ತಿದ್ದೂ ಅವರು ತಿನ್ನುತ್ತಾರೆ ಎಂಬ ಮಾತು ಜನರಲ್ಲಿ ಹಬ್ಬಿತ್ತು. ಅದು ಜೀವಕನ ಕಿವಿಗೂ ಬಿತ್ತು. ಅವನು ಅದನ್ನು ನಂಬಲಿಲ್ಲ, ತಳ್ಳಿಯೂ ಹಾಕಲಿಲ್ಲ. ನೇರವಾಗಿ ಬುದ್ಧರ ಬಳಿಗೇ ಹೋಗಿ, ಹೀಗೆ ಹೇಳುತ್ತಿದ್ದಾರೆ, ಇದು ನಿಮ್ಮ ಬಗ್ಗೆ ಸರಿಯಾದ ಮಾತೋ ಅಲ್ಲವೋ ಎಂದು ಕೇಳಿದ. ಬುದ್ಧರಿಗೆ ಅದರಿಂದ ಕೋಪ ಬರಲಿಲ್ಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ಬಿಡಿಸಿ ಹೇಳಿದರು.

ನನ್ನ ವಿದ್ಯಾರ್ಥಿನಿ ಮಾಡಬೇಕಾದದ್ದೂ ಇಷ್ಟೇ, ಒಂದು ಫೋನ್. ಆದರೆ ಆ ಫೋನ್ ಮಾಡುವುದು ಎಷ್ಟು ಕಷ್ಟ ಅನ್ನುವುದನ್ನು ಅವಳ ಬಾಯಿಂದ ಕೇಳಬೇಕು. ಅತ್ತ ಕಡೆಯಿಂದ "ಓದಕ್ಕೆ ಬರಲ್ವಾ? ಏನ್ ಓದಿದೀಯ?" ಎಂಬ ಉತ್ತರ. ಇತ್ತ ಕಡೆ ಅಂಗಡಿ ಯಜಮಾನರ ಗೊಣಗಾಟ. ಡಾಕ್ಟರಿಗೆ ಬೇಸರವಾದರೆ ಚೀಟಿಗಳು ಪಕ್ಕದ ಅಂಗಡಿಗೆ ಹೋಗುತ್ತವೆ. "ನಿನ್ನಿಂದ ವ್ಯಾಪಾರ ಕೆಡ್ತಿದೆ, ನೋಡ್ಕೋ" ಎಂದು ಎರಡು ಸಲ ಎಚ್ಚರಿಸಿದ್ದಾರಂತೆ. ಅವಳ ಸಂಬಳದಲ್ಲೇ ತಮ್ಮನ ಓದು ನಡೆಯುತ್ತಿದೆ. ಸಮ್ಮಾ ಆಜೀವದ ಬಗ್ಗೆ ಮಾತಾಡುವಾಗ ವಿಷ ಮಾರಬಾರದು, ಹೆಂಡ ಮಾರಬಾರದು ಎಂಬ ಪಟ್ಟಿ ಹೇಳಿ ಮುಗಿಸುತ್ತೇವೆ. ಔಷಧಿಯನ್ನೇ ವಿಷವಾಗಿಸದಂತೆ ಮಾರಲು ಇಷ್ಟು ಗಟ್ಟಿತನ ಬೇಕಾಗುತ್ತದೆ ಎಂಬುದು ನಮ್ಮ ಉಪನ್ಯಾಸಗಳಲ್ಲಿ ಬರುವುದಿಲ್ಲ.

ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ರೂಪಿಸಿದ ನೀತಿಸಂಹಿತೆಯಲ್ಲಿ ಒಂದು ವಿಚಿತ್ರವಾದ ಮಾತಿದೆ. ಚೀಟಿ ನೋಡಿದಾಗ ಫಾರ್ಮಸಿಸ್ಟರ ಮುಖದಲ್ಲಿ ಗಾಬರಿ, ಆಶ್ಚರ್ಯ ಕೂಡ ಕಾಣಿಸಿಕೊಳ್ಳಬಾರದು. ಏನಾದರೂ ಬಿಟ್ಟುಹೋಗಿದ್ದರೆ, ಪ್ರಮಾಣ ಮೀರಿದ್ದರೆ ಚೀಟಿಯನ್ನು ಬರೆದವರಿಗೇ ತಿರುಗಿ ಕಳಿಸಿ ಸರಿಪಡಿಸಿಕೊಳ್ಳಬೇಕು, ಆದರೆ ವೈದ್ಯರ ಹೆಸರಿಗೆ ಕುಂದು ಬರದಂತೆ. ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ಇದರಲ್ಲೂ ದೊಡ್ಡವರ ಮರ್ಯಾದೆ ಕಾಯುವ ಕೆಲಸವೇ? ಮತ್ತೆ ಯೋಚಿಸಿದೆ. ರೋಗಿ ಎದುರಿಗೇ ಕೂತಿದ್ದಾಗ "ಅಯ್ಯೋ, ಇದೇನಿದು!" ಎಂದು ಕಣ್ಣರಳಿಸಿದರೆ ಆ ಬಡಪಾಯಿ ಹೆದರಿ, ಮಾತ್ರೆಯನ್ನೇ ಬಿಟ್ಟು, ಅಂತ್ರ ಕಟ್ಟಿಸಿಕೊಳ್ಳಲು ಹೋಗಬಹುದು. ಮಾತು ಸತ್ಯವಾಗಿರಬೇಕು, ಸಮಯಕ್ಕೆ ತಕ್ಕದ್ದಾಗಿರಬೇಕು, ಮೃದುವಾಗಿರಬೇಕು, ಹಿತವಾಗಿರಬೇಕು, ಮೈತ್ರಿಯಿಂದ ಹುಟ್ಟಿರಬೇಕು ಎಂದು ಬುದ್ಧರು ಐದು ಹೇಳಿದ್ದಾರಲ್ಲ, ಇದೂ ಅದೇ ಜಾತಿಯದು. (ಜಾತಿ ಎಂಬ ಪದ ಇಲ್ಲಿ ನುಸುಳಿತು. ಕನ್ನಡದಲ್ಲಿ ಅದನ್ನು ತಪ್ಪಿಸಿಕೊಂಡು ಬರೆಯುವುದು ಎಷ್ಟು ಕಷ್ಟ ನೋಡಿ.) ಮುಖ ಶಾಂತವಾಗಿರಲಿ, ಒಪ್ಪಿದೆ. ಆದರೆ ಆ ಶಾಂತ ಮುಖದ ಹಿಂದೆ ಫೋನ್ ನಡೆದಿರಬೇಕು. ಬರೀ ಶಾಂತ ಮುಖವಿದ್ದು ಕೈ 1-0-1 ಬರೆಯುತ್ತಿದ್ದರೆ ಅದು ಉಪೇಕ್ಖೆಯಲ್ಲ, ಬರೀ ಅಸಡ್ಡೆ.

ಬರೆದವರೇ ಸಿಗದಿದ್ದರೆ? ಇದು ಇನ್ನೂ ಕಷ್ಟದ ಪ್ರಶ್ನೆ, ಇದಕ್ಕೆ ಧಮ್ಮದ ಚರಿತ್ರೆಯಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಪರಿನಿಬ್ಬಾಣಕ್ಕೆ ಮುಂಚೆ ಬುದ್ಧರು, ಸಂಘ ಬಯಸಿದರೆ ಚಿಕ್ಕಪುಟ್ಟ ನಿಯಮಗಳನ್ನು ಕೈಬಿಡಬಹುದು ಎಂದು ಆನಂದರಿಗೆ ಹೇಳಿದರು. ಚಿಕ್ಕಪುಟ್ಟವು ಅಂದರೆ ಯಾವುವು? ಆನಂದರು ಕೇಳಲಿಲ್ಲ. ರಾಜಗೃಹದಲ್ಲಿ ಮೊದಲ ಸಂಗೀತಿ ಸೇರಿದಾಗ ಹಿರಿಯ ಭಿಕ್ಖುಗಳು ಇದನ್ನೇ ಹಿಡಿದರು. ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದರು. ನಾಲ್ಕು ಪಾರಾಜಿಕ ಬಿಟ್ಟು ಉಳಿದದ್ದೆಲ್ಲ ಚಿಕ್ಕದು ಎಂದರು ಕೆಲವರು, ಗೆರೆಯನ್ನು ಇನ್ನೂ ಕೆಳಗೆ ಎಳೆದರು ಉಳಿದವರು. ಕೊನೆಗೆ ಮಹಾಕಸ್ಸಪರ ಸಲಹೆಯಂತೆ, ಏನನ್ನೂ ಸೇರಿಸುವುದು ಬೇಡ, ಏನನ್ನೂ ಬಿಡುವುದು ಬೇಡ ಎಂದು ತೀರ್ಮಾನವಾಯಿತು. ಆನಂದರು, ಆಗ ನೆನಪಾಗಲಿಲ್ಲ, ಅದು ತಪ್ಪೆಂದು ನನಗೆ ಕಾಣುವುದಿಲ್ಲ, ಆದರೂ ನಿಮ್ಮ ಮೇಲಿನ ಗೌರವಕ್ಕಾಗಿ ಒಪ್ಪುತ್ತೇನೆ ಎಂದರು.

ನನಗೆ ಆನಂದರ ಮೇಲೆ ಕನಿಕರವಿದೆ. ಪ್ರೀತಿಯ ಗುರು ಸಾಯುತ್ತಿರುವಾಗ ಯಾರಿಗೆ ತಾನೆ ಪಟ್ಟಿ ಕೇಳಲು ಹೊಳೆಯುತ್ತದೆ? ಆದರೂ ಸಂಘದ ನಡೆಯಲ್ಲಿ ಫಾರ್ಮಸಿಸ್ಟರಿಗೆ ಒಂದು ಪಾಠವಿದೆ. ಬರೆದವರು ಸಿಗದಾಗ ತನ್ನ ಅರ್ಥವನ್ನು ಅವರ ಹೆಸರಿನಲ್ಲಿ ಚಲಾಯಿಸದಿರುವುದು ಮೊದಲ ಹೆಜ್ಜೆ. ಅದು ಕೊನೆಯ ಹೆಜ್ಜೆಯಾದರೆ ಮಾತ್ರ ತೊಂದರೆ. ಬಾಬಾಸಾಹೇಬರು ಅಲ್ಲಿಗೇ ನಿಲ್ಲಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತಾವು ದೀಕ್ಷೆ ಪಡೆದು, ನಮ್ಮ ಹಿರಿಯರಿಗೆ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಬೋಧಿಸಿದಾಗ, ಇವು ಹಳೆಯ ಗ್ರಂಥದಲ್ಲಿ ಹೀಗೇ ಇವೆ ಎಂದು ಅವರು ಹೇಳಲಿಲ್ಲ. ತಮ್ಮ ಜನಕ್ಕೆ ಏನು ಬೇಕೋ ಅದನ್ನು ತಾವೇ ಯೋಚಿಸಿ, ತಮ್ಮ ಹೆಸರಿನಲ್ಲೇ ಕೊಟ್ಟರು. ಬುದ್ಧರ ಮಾತು ಯಾವುದು, ಬಾಬಾಸಾಹೇಬರ ಮಾತು ಯಾವುದು ಎಂದು ಇವತ್ತಿಗೂ ನಾವು ಗುರುತಿಸಬಲ್ಲೆವು. ಸ್ವಂತ ಬುದ್ಧಿ ಓಡಿಸುವುದು ತಪ್ಪಲ್ಲ, ಅದಕ್ಕೆ ತನ್ನದೇ ಸಹಿ ಇರಬೇಕು.

ಅಂಗಡಿಯಲ್ಲೂ ಹೀಗೆ ಮಾಡಲು ಬರುತ್ತದೆ. ಸಿರಪ್ ಬಾಟಲಿ ಅಲ್ಲಾಡಿಸಿ ಕುಡಿಸಿ, ಪುಡಿ ಔಷಧಿಗೆ ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಅಡುಗೆಮನೆ ಚಮಚ ಬೇಡ, ಅಳತೆಯ ಮುಚ್ಚಳದಲ್ಲೇ ಅಳೆಯಿರಿ. ಇದೆಲ್ಲ ಫಾರ್ಮಸಿಸ್ಟ್ ಓದಿ ಕಲಿತ ಜ್ಞಾನ, ಯಾರ ಅಪ್ಪಣೆಯೂ ಬೇಡ. ದಿನಕ್ಕೆ ಎಷ್ಟು, ಎಷ್ಟು ದಿನ, ಯಾವ ಕಣ್ಣಿಗೆ, ಮುಲಾಮು ಮುಖಕ್ಕೋ ಪಾದಕ್ಕೋ, ಇದು ರೋಗಿಯನ್ನು ಪರೀಕ್ಷಿಸಿದವರು ಹೇಳಬೇಕಾದ ಮಾತು. ನನ್ನ ವಿದ್ಯಾರ್ಥಿನಿ ಈಗ ಎರಡನ್ನೂ ಬೇರೆಬೇರೆ ಹೇಳುವ ಅಭ್ಯಾಸ ಮಾಡಿಕೊಂಡಿದ್ದಾಳೆ: "ಅಜ್ಜಿ, ಇದು ಡಾಕ್ಟ್ರು ಬರೆದಿರೋದು. ಇದು ನಾನು ಹೇಳ್ತಿರೋದು." ಫೋನಿನಲ್ಲಿ ಡಾಕ್ಟರು ಹೇಳಿದ್ದನ್ನು ಅವರಿಗೇ ತಿರುಗಿ ಒಪ್ಪಿಸಿ, ಸರಿ ಎಂದಮೇಲೆ ಸಮಯದ ಸಮೇತ ಚೀಟಿಯ ಹಿಂದೆ ಬರೆದಿಡುತ್ತಾಳೆ.

ಕೇಳುವುದಕ್ಕೂ ಒಂದು ಮಿತಿಯಿದೆ. ಬಾಣ ಚುಚ್ಚಿಸಿಕೊಂಡವನು, ಹೊಡೆದವನು ಯಾರು, ಬಿಲ್ಲು ಯಾವ ಮರದ್ದು ಎಂದು ತಿಳಿಯುವತನಕ ಬಾಣ ಕೀಳಬೇಡಿ ಎಂದರೆ ಸತ್ತೇ ಹೋಗುತ್ತಾನೆ ಎಂದು ಮಾಲುಂಕ್ಯಪುತ್ತನಿಗೆ ಬುದ್ಧರು ಹೇಳಿದ್ದು ನಮಗೆಲ್ಲ ಗೊತ್ತು. ಮೂರ್ಛೆರೋಗದ ಮಾತ್ರೆ ಮುಗಿದು, ಕೊನೇ ಬಸ್ಸಿಗೆ ಹೊರಟು ನಿಂತ ಮುದುಕರ ಚೀಟಿಯಲ್ಲಿ ಪ್ರಮಾಣವಿಲ್ಲ, ಡಾಕ್ಟರ ಫೋನ್ ಸ್ವಿಚ್ ಆಫ್. ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಆಗ "ನಾಳೆ ಬನ್ನಿ" ಅನ್ನುವುದು ನಿಯಮಪಾಲನೆಯಂತೆ ಕಂಡರೂ ಕ್ರೌರ್ಯವೇ. ಅವಳು ಹಳೆಯ ಚೀಟಿ, ಜೇಬಿನಲ್ಲಿದ್ದ ಖಾಲಿ ಸ್ಟ್ರಿಪ್ಪು ಎರಡನ್ನೂ ಕೇಳಿ ನೋಡಿದಳು, ಸರ್ಕಾರಿ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ವಿವರ ಹೇಳಿದಳು, ಅವರು ಒಪ್ಪಿದಷ್ಟು, ಎರಡು ದಿನಕ್ಕೆ ಮಾತ್ರ ಕೊಟ್ಟಳು. ಕವರ್ ಮೇಲೆ "ಹಳೇ ಚೀಟಿಯಂತೆ, ಸೋಮವಾರ ಡಾಕ್ಟರನ್ನು ಕೇಳಬೇಕು" ಎಂದು ಬರೆದಳು. ನನಗೆ ಆ ಒಂದು ಸಾಲು ಬಹಳ ಇಷ್ಟವಾಯಿತು. ಗೊತ್ತಿರುವುದು ಎಷ್ಟು, ಗೊತ್ತಿಲ್ಲದ್ದು ಎಷ್ಟು ಎರಡೂ ಅದರಲ್ಲಿದೆ.

ಚೀಟಿಯ ಭಾಷೆಯ ಬಗ್ಗೆ ಕನ್ನಡ ಮೇಷ್ಟ್ರ ಒಂದು ದೂರು. ಓಡಿ, ಬಿಡಿ, ಟಿಡಿಎಸ್, ಎಚ್‌ಎಸ್, ಎಸ್‌ಒಎಸ್. ಇವೆಲ್ಲ ಲ್ಯಾಟಿನ್ನಿನ ತುಂಡುಗಳು. ಓಡಿ ಎಂದರೆ ದಿನಕ್ಕೊಂದು ಸಲ, ಅದನ್ನೇ ಕಣ್ಣಿನ ಡಾಕ್ಟರು ಬರೆದರೆ ಬಲಗಣ್ಣು! ಯಾರಿಗೂ ತಿಳಿಯದ ಭಾಷೆಯಲ್ಲಿ ಹೇಳಿದರೆ ಮಾತಿಗೆ ತೂಕ ಬರುತ್ತದೆ, ಪ್ರಶ್ನೆ ಕೇಳುವವರು ಇರುವುದಿಲ್ಲ. ಈ ಉಪಾಯ ನಮಗೆ ಹೊಸದಲ್ಲ, ಸಾವಿರಾರು ವರ್ಷ ನಮ್ಮನ್ನು ಹೊರಗಿಟ್ಟದ್ದೇ ಹೀಗೆ. ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಭಿಕ್ಖುಗಳು ಬುದ್ಧವಚನವನ್ನು ಛಂದಸ್ಸಿಗೆ ತಿರುಗಿಸೋಣವೇ ಎಂದು ಕೇಳಿದಾಗ ಬುದ್ಧರು ಗದರಿಸಿ, ಜನ ತಮ್ಮತಮ್ಮ ನುಡಿಯಲ್ಲೇ ಕಲಿಯಲಿ ಎಂದರು. ಕವರಿನ ಮೇಲೆ "ರಾತ್ರಿ ಮಲಗುವಾಗ ಒಂದು" ಎಂದು ಕನ್ನಡದಲ್ಲಿ ಬರೆಯುವುದು, ಓದು ಬಾರದವರಿಗೆ ಸೂರ್ಯ ಚಂದ್ರನ ಚಿತ್ರ ಬರೆದುಕೊಡುವುದು ಆ ಅನುಜ್ಞೆಯ ಪಾಲನೆಯೇ ಎಂದು ನಾನು ಭಾವಿಸುತ್ತೇನೆ.

ಎಲ್ಲ ಹೊರೆಯನ್ನೂ ಅಂಗಡಿಯ ಹುಡುಗಿಯ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ವಿನಯದ ಮಹಾವಗ್ಗದಲ್ಲಿ ಶುಶ್ರೂಷೆ ಮಾಡುವವರಿಗೆ ಐದು ಗುಣ ಹೇಳಿದ ಕಡೆಯೇ ರೋಗಿಗೂ ಐದು ಹೇಳಿದೆ: ತನಗೆ ಹಿತವಾದದ್ದನ್ನು ಮಾಡುವುದು, ಅಳತೆ ಅರಿತಿರುವುದು, ಔಷಧಿ ಸೇವಿಸುವುದು, ಇರುವ ತೊಂದರೆಯನ್ನು ಇದ್ದಂತೆ ಹೇಳುವುದು, ನೋವು ತಾಳುವುದು. ಅಳತೆ ಅರಿಯಬೇಕಾದರೆ ಕೇಳಬೇಕು. ನಮ್ಮ ಜನ ಕೇಳುವುದಿಲ್ಲ. ಡಾಕ್ಟರ ಎದುರು ಕೈಕಟ್ಟಿ "ಹ್ಞೂಂ ಸಾಮಿ" ಅನ್ನುತ್ತಾರೆ, ಹೊರಗೆ ಬಂದು "ಏನಂದ್ರು?" ಎಂದು ಪಕ್ಕದವರನ್ನು ಕೇಳುತ್ತಾರೆ. ಕೇಳಿದರೆ ಬೈಯುತ್ತಾರೆ ಎಂಬ ಅಂಜಿಕೆ ತಲೆಮಾರುಗಳಿಂದ ಬಂದದ್ದು. ಕಾಲಾಮರಿಗೆ ಬುದ್ಧರು ಹೇಳಿದ್ದನ್ನು ವೇದಿಕೆಯ ಮೇಲೆ ನಿಂತು ಹೇಳುವ ನಾವು, ಕ್ಲಿನಿಕ್ಕಿನ ಸ್ಟೂಲಿನ ಮೇಲೆ ಕೂತಾಗ ಅದನ್ನು ಮರೆಯುತ್ತೇವೆ.

ಮುಂದಿನ ಭಾನುವಾರ ಜೀವಕ ಸುತ್ತದ ಓದು ಇದೆ. ಬರುವಾಗ ನಿಮ್ಮ ಮನೆಯ ಹಿರಿಯರು ನುಂಗುವ ಮಾತ್ರೆಗಳ ಚೀಟಿ, ಕವರ್, ಖಾಲಿ ಸ್ಟ್ರಿಪ್ಪುಗಳನ್ನು ತನ್ನಿ. ಚೀಟಿಯಲ್ಲಿ ಇರುವುದನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದುಕೊಡುತ್ತೇವೆ. ಇಲ್ಲದ ಕಡೆ ಖಾಲಿ ಜಾಗ ಬಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇವೆ. ಅದನ್ನು ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ ತುಂಬಿಸಿಕೊಂಡು ಬನ್ನಿ. ಯಾರಿಗಾದರೂ ಒಬ್ಬರೇ ಹೋಗಲು ಅಂಜಿಕೆಯಿದ್ದರೆ ಹೇಳಿ, ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತೇವೆ.

ನಮೋ ಬುದ್ಧಾಯ. ಜೈ ಭೀಮ್.